ಶಾಲಾ ಆಪ್ತಸಮಾಲೋಚನೆಯ ಕಿರುಪ್ರಬಂಧಕ್ಕೆ ಸಂಶೋಧನಾ ಲೇಖನಗಳನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ವಿದ್ಯಾರ್ಥಿನಿ, ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಾನು ಖಾಸಗಿ ಕಾಲೇಜೊಂದರಲ್ಲಿ ಆಪ್ತಸಮಾಲೋಚನೆಯ ಸ್ನಾತಕೋತ್ತರ ಪದವಿಗೆ ಓದುತ್ತಿದ್ದು, ಪ್ರೌಢಶಾಲಾ ಮಕ್ಕಳಿಗೆ ಶಾಲೆಯಲ್ಲಿಯೇ ನೀಡುವ ಆಪ್ತಸಮಾಲೋಚನೆಯಿಂದ ಎಷ್ಟರಮಟ್ಟಿಗೆ ಪ್ರಯೋಜನವಾಗುತ್ತದೆ ಎಂಬ ವಿಷಯವಾಗಿ ಕಿರುಪ್ರಬಂಧ ಬರೆಯಬೇಕಾಗಿದೆ. ಗೂಗಲ್‌ನಲ್ಲಿ ಹುಡುಕಿದರೆ ಆಸ್ಪತ್ರೆಗಳ ಜಾಹೀರಾತುಗಳೇ ಮೊದಲು ಬರುತ್ತವೆ. ಒಳ್ಳೆಯ ಲೇಖನ ಕಣ್ಣಿಗೆ ಬಿದ್ದರೂ ಸಾರಾಂಶದಿಂದ ಮುಂದಕ್ಕೆ ಓದಲು ಹಣ ಕೇಳುತ್ತಾರೆ. ಸಿಕ್ಕ ಅಧ್ಯಯನಗಳಲ್ಲಿ ಬಹುಪಾಲು ಅಮೆರಿಕದ ಶಾಲೆಗಳಿಗೆ ಸಂಬಂಧಿಸಿದವು. ನಮ್ಮ ದೇಶದ ಸಂಶೋಧನೆಯನ್ನು ಹುಡುಕುವ ಬಗೆಯನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ: ಗ್ರಂಥಪಾಲಕ, ಧಾರವಾಡ
ಮೊದಲು ಹಣದ ವಿಚಾರ. ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಡಿ 2025ರ ಜನವರಿಯಿಂದ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದೊರೆಯುತ್ತಿವೆ. ಖಾಸಗಿ ಕಾಲೇಜುಗಳಿಗೆ ಸದ್ಯ ಈ ಸೌಲಭ್ಯವಿಲ್ಲದಿರುವುದು ನನ್ನ ಮಟ್ಟಿಗೆ ಯೋಜನೆಯ ದೊಡ್ಡ ಕೊರತೆ. ಆದ್ದರಿಂದ ನಿಮ್ಮ ಪ್ರಾಂಶುಪಾಲರಿಂದ ಪತ್ರ ಪಡೆದು, ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಓದಲು ಅವಕಾಶವಿದೆಯೇ ಎಂದು ವಿಚಾರಿಸಿ. ಮನೆಯಿಂದಲೇ ಓದುವುದಾದರೆ ವೈದ್ಯಕೀಯ ಸಂಶೋಧನೆಯ ಜಾಲತಾಣವಾದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಲೇಖನಗಳ ಪೂರ್ಣಪಾಠವೇ ಉಚಿತವಾಗಿ ಸಿಗುತ್ತದೆ. ಶಿಕ್ಷಣದ ಕಡೆಯ ಅಧ್ಯಯನಗಳಿಗೆ ‘ಎರಿಕ್’ (ERIC) ಎಂಬ ಜಾಲತಾಣವಿದೆ. ಇಲ್ಲಿಯೂ ಸಿಗದಿದ್ದರೆ ಲೇಖಕರಿಗೇ ಒಂದು ವಿನಯದ ಇ-ಮೇಲ್ ಬರೆಯಿರಿ; ಪ್ರತಿ ಕಳಿಸುವವರು ನೀವು ಎಣಿಸಿದ್ದಕ್ಕಿಂತ ಹೆಚ್ಚು.

ಉತ್ತರ: ಶಾಲಾ ಆಪ್ತಸಮಾಲೋಚಕಿ, ಮೈಸೂರು
ಗ್ರಂಥಪಾಲಕರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಭಾರತದಲ್ಲಿ ಈ ವಿಷಯದ ಸಂಶೋಧನೆ ಆಪ್ತಸಮಾಲೋಚನೆಯ ಹೆಸರಿನ ಜರ್ನಲ್‌ಗಳಿಗಿಂತ ಮನೋವೈದ್ಯಶಾಸ್ತ್ರ, ಸಾರ್ವಜನಿಕ ಆರೋಗ್ಯ ಮತ್ತು ಶುಶ್ರೂಷೆಯ ಜರ್ನಲ್‌ಗಳಲ್ಲಿ ಹೆಚ್ಚಾಗಿ ಹರಡಿಕೊಂಡಿರುವುದರಿಂದ, ‘ಸ್ಕೂಲ್ ಕೌನ್ಸೆಲಿಂಗ್’ ಎಂದಷ್ಟೇ ಹುಡುಕಿದರೆ ಅದು ಕೈಗೆ ಸಿಗುವುದಿಲ್ಲ. ‘ಲೇ ಕೌನ್ಸೆಲರ್’ (ವೃತ್ತಿಪರರಲ್ಲದಿದ್ದರೂ ಈ ಕೆಲಸಕ್ಕೆ ತರಬೇತಿ ಪಡೆದ ಸಮಾಲೋಚಕರು), ‘ಸೈಕೋಸೋಷಿಯಲ್ ಇಂಟರ್ವೆನ್ಷನ್’, ‘ಅಡೋಲೆಸೆಂಟ್’ ಎಂಬ ಪದಗಳ ಜೊತೆಗೆ ‘ಇಂಡಿಯಾ’ ಸೇರಿಸಿ ಹುಡುಕಿ ನೋಡಿ.

ನಿಮ್ಮ ವಿಷಯಕ್ಕೆ ‘ಸೆಹೆರ್’ ಅಧ್ಯಯನದಿಂದ ಆರಂಭಿಸುವುದು ಸೂಕ್ತ. ಬಿಹಾರದ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ, ತರಬೇತಿ ಪಡೆದ ಲೇ ಕೌನ್ಸೆಲರ್‌ಗಳು ಶಾಲಾ ಆರೋಗ್ಯ ಕಾರ್ಯಕ್ರಮ ನಡೆಸಿದ ಶಾಲೆಗಳ ವಾತಾವರಣ ಸುಧಾರಿಸಿತು. ಅದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ‘ಪ್ರೈಡ್’ ಪ್ರಯೋಗವನ್ನು ಇದರ ಪಕ್ಕದಲ್ಲಿಟ್ಟು ಓದಿ. ಅಲ್ಲಿ ಸಮಾಲೋಚನೆ ಪಡೆದ ಮಕ್ಕಳು ತಾವೇ ಹೇಳಿಕೊಂಡ ಸಮಸ್ಯೆಗಳು ತಗ್ಗಿದರೂ ರೋಗಲಕ್ಷಣಗಳ ಅಳತೆಯಲ್ಲಿ ಸ್ಪಷ್ಟ ವ್ಯತ್ಯಾಸ ಬರಲಿಲ್ಲ. ಇಂಥ ಭಿನ್ನ ಫಲಿತಾಂಶಗಳ ನಡುವೆಯೇ ನಿಮ್ಮ ಪ್ರಬಂಧದ ಪ್ರಶ್ನೆ ಹುಟ್ಟಬಹುದು. ಬಳಿಕ ಗೂಗಲ್ ಸ್ಕಾಲರ್‌ನಲ್ಲಿ ಆ ಲೇಖನಗಳ ಕೆಳಗಿರುವ ‘ಸೈಟೆಡ್ ಬೈ’ ಒತ್ತಿದರೆ, ಅವನ್ನು ಉಲ್ಲೇಖಿಸಿ ಮುಂದೆ ಬಂದ ಸಂಶೋಧನೆಗಳೆಲ್ಲ ಸಾಲಾಗಿ ತೆರೆದುಕೊಳ್ಳುತ್ತವೆ.

ಮರುಪ್ರಶ್ನೆ: ವಿದ್ಯಾರ್ಥಿನಿ, ದಾವಣಗೆರೆ
ಇಬ್ಬರಿಗೂ ಧನ್ಯವಾದಗಳು. ಭಾರತೀಯ ವಿಶ್ವವಿದ್ಯಾಲಯಗಳ ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿರುವ ಪಿಎಚ್.ಡಿ. ಪ್ರಬಂಧಗಳನ್ನು ಆಧಾರವಾಗಿ ಕೊಡಬಹುದೇ? ಎಐ ಚಾಟ್‌ಬಾಟ್ ಒಂದು ಕೊಟ್ಟ ಆಕರಗಳ ಪಟ್ಟಿಯೂ ನನ್ನ ಬಳಿ ಇದೆ.

ಉತ್ತರ: ಗ್ರಂಥಪಾಲಕ, ಧಾರವಾಡ
ಕೊಡಬಹುದು, ಆದರೆ ಅವುಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಶೋಧಗಂಗಾದ ಪ್ರಬಂಧಗಳಲ್ಲಿ ನಾನು ಮೊದಲು ತೆರೆಯುವುದು ಆಕರಸೂಚಿಯನ್ನು. ಅಲ್ಲಿಂದ ಮೂಲ ಲೇಖನಗಳಿಗೆ ಹೋಗಿ, ಸಾಧ್ಯವಾದಷ್ಟೂ ಅವನ್ನೇ ಓದಿ ಉಲ್ಲೇಖಿಸುವುದು ಲೇಸು. ಚಾಟ್‌ಬಾಟ್‌ಗಳು ಇಲ್ಲದ ಲೇಖನಗಳಿಗೂ ನಂಬುವಂಥ ಶೀರ್ಷಿಕೆ ಕಟ್ಟಿಕೊಡುತ್ತವೆ. ಪಟ್ಟಿಯಲ್ಲಿರುವ ಪ್ರತಿಯೊಂದರ ಡಿಒಐ (ಲೇಖನವನ್ನು ಗುರುತಿಸುವ ವಿಶಿಷ್ಟ ಸಂಖ್ಯೆ) ಅನ್ನು doi.org ತಾಣದಲ್ಲಿ ನಮೂದಿಸಿ ಪರೀಕ್ಷಿಸಿ; ಲೇಖನ ತೆರೆದುಕೊಂಡರೂ ಶೀರ್ಷಿಕೆ, ಲೇಖಕರು ಮತ್ತು ವರ್ಷ ತಾಳೆಯಾಗುತ್ತವೆಯೇ ಎಂದು ನೋಡಿಯೇ ಅದನ್ನು ಉಳಿಸಿಕೊಳ್ಳಿ.