ಪದಚರ್ಚೆ: ‘ಕೇರ್’ಗೆ ಫಲಕದ ಮೇಲೆ ಏನು ಬರೆಯಬೇಕು? ಆರೈಕೆ, ಕಾಳಜಿ, ಪೋಷಣೆ?

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕು. ಹೈಸ್ಕೂಲು ಮಕ್ಕಳ ಪ್ರದರ್ಶನಕ್ಕೆ ಫಲಕ ಮಾಡಿಸುತ್ತಿದ್ದೇವೆ, ಗುರುವಾರ ಪ್ರಿಂಟಿಗೆ ಕೊಡಬೇಕು. ಪ್ರಾಣಿಗಳಲ್ಲಿ, ಮನುಷ್ಯರಲ್ಲಿ ಯಾರು ಯಾರನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದು ವಿಷಯ. ಇಂಗ್ಲಿಷ್ ಕರಡಿನಲ್ಲಿ ಎಲ್ಲ ಕಡೆಯೂ ‘ಕೇರ್’ ಅಂತ ಒಂದೇ ಪದ. ಕನ್ನಡದಲ್ಲಿ ಒಂದು ಕಡೆ ಕೂರುವುದು ಇನ್ನೊಂದು ಕಡೆ ಕೂರುತ್ತಿಲ್ಲ.

ಮೊದಲ ಫಲಕ ನಮ್ಮ ಕಡೆಯ ಕುಂಬಾರ ಕಪ್ಪೆಯದು. 2014ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದ ಅಂತ ಗುರುತಿಸಿ, ‘ಕುಂಬಾರ’ ಅನ್ನುವ ಕನ್ನಡ ಪದವನ್ನೇ ಅದರ ವೈಜ್ಞಾನಿಕ ಹೆಸರಿನಲ್ಲಿ ಇಟ್ಟರು. ಹಳ್ಳದ ನೀರಿಗೆ ಸ್ವಲ್ಪ ಮೇಲೆ, ಕಡ್ಡಿಗೋ ಕಲ್ಲಿಗೋ ಹೆಣ್ಣು ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲೆ ಗಂಡು ಮುಂಗಾಲಿನಲ್ಲಿ ಕೆಸರು ಬಾಚಿಕೊಂಡು, ಹಿಂಗಾಲಿನ ಮೇಲೆ ಎದ್ದು ನಿಂತು, ಮೊಟ್ಟೆಗಳಿಗೆಲ್ಲ ಮೆತ್ತುತ್ತದೆ. ಇದಕ್ಕೆ ‘ಕಾಳಜಿ’ ಅನ್ನಬಹುದಾ? ‘ಪೋಷಣೆ’ ಅಂದರೆ ಉಣಿಸಿದ ಹಾಗಾಗುತ್ತದೆ, ಇಲ್ಲಿ ಊಟದ ಮಾತೇ ಇಲ್ಲ.

ಉಳಿದ ಫಲಕಗಳು: ಮೊಟ್ಟೆಗೆ ಕೂರುವ ಗಂಡು ಜಕಾನಾ (ಕೆರೆಯ ಹಕ್ಕಿ), ದಾಂಡೇಲಿಯ ಮಂಗಟ್ಟೆ ಹಕ್ಕಿ, ರಂಗನತಿಟ್ಟಿನ ಮೊಸಳೆ, ದರೋಜಿಯ ಕರಡಿ, ಆನೆ ಹಿಂಡು. ಕೊನೆಗೆ ಮನುಷ್ಯರು: ಬಾಣಂತಿ, ಹಾಸಿಗೆ ಹಿಡಿದ ಅಜ್ಜಿ. ಒಂದೇ ತಲೆಬರಹ ಬೇಕು. ದಯವಿಟ್ಟು ಬೇಗ ಹೇಳಿ.

ಬೆಂಗಳೂರಿನಿಂದ:

ಕಾಳಜಿ. ಇದರಲ್ಲಿ ಚರ್ಚೆಗೆ ಏನಿದೆ? ನೆರೆ ಬಂದಾಗ ಸರ್ಕಾರ ‘ಕಾಳಜಿ ಕೇಂದ್ರ’ ತೆರೆಯುತ್ತದೆ, ಎಲ್ಲರಿಗೂ ಅರ್ಥವಾಗುತ್ತದೆ.

ಮೈಸೂರಿನಿಂದ:

ಕಾಳಜಿ ಮರಾಠಿಯದು. ಪೋಷಣೆ, ಪಾಲನೆ, ಶುಶ್ರೂಷೆ, ಉಪಚಾರ ಎಲ್ಲ ಸಂಸ್ಕೃತದವು. ಮನೆಯಲ್ಲೇ ಪದ ಇರುವಾಗ ಯಾಕೆ ಅಲ್ಲಿ ಇಲ್ಲಿ ಕೈಚಾಚಬೇಕು ಅಂತ ನಾನು ಈ ಇಮೇಲ್ ಪಟ್ಟಿಯಲ್ಲಿ ಎಷ್ಟು ಸಲ ಬರೆದಿದ್ದೇನೋ.

‘ಕಾಪು’ ಅಂತ ಹಾಕಿ. ಕೋಳಿ ಮೊಟ್ಟೆಗೆ ಕಾವು ಕೊಡುತ್ತದೆ, ಕುರುಬ ಕುರಿ ಕಾಯುತ್ತಾನೆ. ಎರಡಕ್ಕೂ ‘ಕಾಯ್’ ಒಂದೇ ಬೇರು. ನಮ್ಮ ಹಿರಿಯರು ಬಿಸಿ ಕೊಡುವುದನ್ನೂ ರಕ್ಷಿಸುವುದನ್ನೂ ಬೇರೆ ಮಾಡಿ ನೋಡಲೇ ಇಲ್ಲ. ನಿಮ್ಮ ಎಲ್ಲ ಫಲಕಕ್ಕೂ ಇದೊಂದೇ ಸಾಕು.

ಉಡುಪಿಯಿಂದ:

ಬೇರು ತಪ್ಪು. ರಕ್ಷಿಸುವ ಅರ್ಥದ ಧಾತು ‘ಕಾ’: ಅದರಿಂದ ಕಾಪು, ಕಾವಲು, ಕಾಪಾಡು. ಬಿಸಿಯಾಗುವುದು ‘ಕಾಯ್’: ಅದರಿಂದ ಕಾವು, ಕಾಯಿಸು. ಹೊಸಗನ್ನಡದಲ್ಲಿ ರೂಪಗಳು ಕಲೆತುಹೋಗಿವೆ ಅಷ್ಟೇ. ತಮಿಳಿನಲ್ಲಿ ಎರಡೂ ಇಂದಿಗೂ ಬೇರೆ ಬೇರೆ ನಡೆಯುತ್ತವೆ. ಕೇಳಲು ಒಂದೇ ಥರ ಇದ್ದ ಮಾತ್ರಕ್ಕೆ ಹಿರಿಯರ ತಲೆಗೆ ನಮ್ಮ ಕಲ್ಪನೆ ಕಟ್ಟಬಾರದು.

ಇನ್ನು ಸಂಸ್ಕೃತದ ಮೇಲಿನ ಸಿಟ್ಟು. ಹಳೆಯ ಕಾವ್ಯಗಳಲ್ಲಿ ಕೋಗಿಲೆಗೆ ‘ಪರಪುಷ್ಟ’ ಅನ್ನುತ್ತಾರೆ, ಬೇರೆಯವರು ಸಾಕಿದ್ದು ಅಂತ. ಕಾಗೆಯ ಗೂಡಿನ ಇಡೀ ಕತೆ ಒಂದು ಪದದಲ್ಲಿದೆ. ಅದನ್ನು ಹೊರಗೆ ಹಾಕಿ ಏನು ಗಳಿಸುತ್ತೀರಿ?

ಮೈಸೂರಿನಿಂದ:

ಕಾವ್ಯ ಓದುವವರಿಗೆ ಇರಲಿ. ಹೈಸ್ಕೂಲು ಮಗು ‘ಪರಪುಷ್ಟ’ ಓದಿದರೆ ಯಾರೋ ದಪ್ಪಗಿದ್ದಾರೆ ಅಂದುಕೊಳ್ಳುತ್ತದೆ.

ಧಾರವಾಡದಿಂದ:

ಕೇಳಿದವರಿಗೆ ಗುರುವಾರದ ಗಡುವು ಇದೆ. ಅದನ್ನು ಮರೆತು ಬೇರು ಅಗೆಯುತ್ತಿದ್ದೇವೆ. ಆಸ್ಪತ್ರೆಯ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ, ಈ ಪದದ ಜೊತೆ ದಿನಾ ಗುದ್ದಾಡುತ್ತೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಕಾಳಜಿ. ಪದ ಮರಾಠಿಯಿಂದ ಬಂತು ಅನ್ನುವುದು ನನಗೆ ತೊಂದರೆಯಲ್ಲ, ನಮ್ಮ ಕಡೆ ಅದು ಮನೆಮಾತು. ತೊಂದರೆ ಅರ್ಥದ್ದು. ಮರಾಠಿಯಲ್ಲಿ ಅದಕ್ಕೆ ಚಿಂತೆ, ಕಳವಳ ಅನ್ನುವ ಅರ್ಥವೂ ಇದೆ. ಕನ್ನಡದಲ್ಲೂ ಆ ವಾಸನೆ ಪೂರ್ತಿ ಹೋಗಿಲ್ಲ. ದೂರದ ಊರಿನಲ್ಲಿರುವ ಮಗನಿಗೆ ಅಮ್ಮನ ಮೇಲೆ ತುಂಬಾ ಕಾಳಜಿ ಇರಬಹುದು, ಆರೈಕೆ ಮಾಡುವವಳು ಮಾತ್ರ ಪಕ್ಕದ ಮನೆಯವಳು. ಕಾಳಜಿ ‘ಇರುತ್ತದೆ’, ಆರೈಕೆಯನ್ನು ‘ಮಾಡಬೇಕು’. ಕುಂಬಾರ ಕಪ್ಪೆ ಕೆಸರು ಮೆತ್ತುವುದು ನಮಗೆ ಕಾಣುತ್ತದೆ, ಅದರ ಮನಸ್ಸು ಕಾಣುವುದಿಲ್ಲ. ಕಾಣದ್ದನ್ನು ಮಕ್ಕಳ ಫಲಕದ ಮೇಲೆ ಬರೆಯಬೇಡಿ. ಅದಕ್ಕೆ ಆರೈಕೆಯೇ ಸರಿ.

‘ಆರೈಕೆ ರೋಗಿಗೆ ಮಾತ್ರ’ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಅಡಿಕೆ ಸಸಿಗೂ ಆರೈಕೆ ಮಾಡುತ್ತೇವೆ, ಕರುವಿಗೂ ಮಾಡುತ್ತೇವೆ. ಮೈಸೂರಿನವರಿಗೆ ಸಮಾಧಾನವಾಗಲಿ, ಇದು ಅಚ್ಚಗನ್ನಡ. ಹಳಗನ್ನಡದ ‘ಆರಯ್’ ಅಂದರೆ ಹುಡುಕು, ಸೂಕ್ಷ್ಮವಾಗಿ ನೋಡು, ಆರೈಕೆ ಮಾಡು. ತಮಿಳಿನವರು ‘ಆರಾಯ್’ ಅನ್ನುವುದನ್ನು ಸಂಶೋಧನೆಗೆ ಇಟ್ಟುಕೊಂಡರು, ನಾವು ಹಾಸಿಗೆಯ ಪಕ್ಕ ತಂದೆವು. ‘ನೋಡಿಕೊಳ್ಳು’ ಅನ್ನುವುದರಲ್ಲೂ ನೋಟ ಇದೆ. ‘ನಿಗಾ’ ಪಾರಸಿಯದು, ಅದರ ಅರ್ಥವೂ ನೋಟವೇ. ಶುಶ್ರೂಷೆ ಮಾತ್ರ ಕಿವಿಯ ಕಡೆಯಿಂದ ಬಂದದ್ದು: ಕೇಳುವ ಇಚ್ಛೆ ಅಂತ ಅದರ ಮೂಲ. ಮೊಸಳೆಗೆ ಅದು ಚೆನ್ನಾಗಿ ಹೊಂದುತ್ತಿತ್ತು. ಮರಳಿನ ಒಳಗೆ ಮೊಟ್ಟೆಯಿಂದ ಮರಿಗಳು ಕೂಗಿದ್ದು ಕೇಳಿಯೇ ತಾಯಿ ಗೂಡು ಅಗೆಯುತ್ತದೆ, ಮರಿಗಳನ್ನು ಬಾಯಲ್ಲಿ ಇಟ್ಟುಕೊಂಡು ನೀರಿಗೆ ಬಿಡುತ್ತದೆ. ಆದರೆ ಇವತ್ತು ಶುಶ್ರೂಷೆ ಅಂದರೆ ನರ್ಸ್ ಕೆಲಸ ಅಂತಲೇ ಜನಕ್ಕೆ ಗೊತ್ತು. ಮೊಸಳೆಗೆ ಹಾಕಬೇಡಿ.

ನಿಗಾ ಬಗ್ಗೆ ಇನ್ನೊಂದು ಮಾತು. ‘ತೀವ್ರ ನಿಗಾ ಘಟಕ’ದಲ್ಲಿ ಸಂಸ್ಕೃತದ ಎರಡು ಪದಗಳ ನಡುವೆ ಪಾರಸಿ ಪದ ಕೂತಿದೆ. ಆ ಬೋರ್ಡಿನ ಕೆಳಗೆ ರಾತ್ರಿಯಿಡೀ ಕಾದು ಕೂತವರಿಗೆ ಅದು ಎಲ್ಲಿಯ ಪದ ಅಂತ ಯೋಚನೆ ಬರುವುದಿಲ್ಲ. ಪದ ಕೆಲಸ ಮಾಡುತ್ತಿದೆ, ಬಿಡಿ.

ಎರಡನೆಯದು, ‘ಸಾಕು’. ಇದನ್ನು ಜೋಪಾನವಾಗಿ ಬಳಸಬೇಕು. ಕರಡಿ ಮರಿ ಸಾಕುತ್ತದೆ, ಸರಿ. ಅಜ್ಜಿಯ ಫಲಕದಲ್ಲಿ ‘ಸೊಸೆ ಅತ್ತೆಯನ್ನು ಸಾಕುತ್ತಾಳೆ’ ಅಂತ ಬಂದರೆ ಓದಿದವರ ಎದೆಗೆ ಚುಚ್ಚುತ್ತದೆ. ‘ನಿನ್ನಪ್ಪನನ್ನು ನಾನೇ ಸಾಕ್ತಿರೋದು’ ಅನ್ನುವುದು ಜಗಳದಲ್ಲಿ ಬರುವ ಮಾತು. ಹಿರಿಯರನ್ನು ‘ನೋಡಿಕೊಳ್ಳುತ್ತೇವೆ’. ‘ಪಾಲನೆ’ಯೂ ಅವರಿಗೆ ಹೊಂದುವುದಿಲ್ಲ. ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಕೈಪಿಡಿಯಲ್ಲಿ ಬರೆಯುತ್ತೇವೆ. ರಾತ್ರಿ ಎದ್ದು ಅದನ್ನು ಮಾಡುವವರನ್ನು ನೆನೆದುಕೊಂಡು ಫಲಕದ ಸಾಲು ಬರೆಯಿರಿ, ಪದ ತಾನೇ ಬರುತ್ತದೆ.

ಮೂರನೆಯದು ಬಾಣಂತನ. ದಯವಿಟ್ಟು ಇದನ್ನು ‘ಪ್ರಸವೋತ್ತರ ಆರೈಕೆ’ ಅಂತ ಮಾಡಿ ಕೊಲ್ಲಬೇಡಿ. ಎಣ್ಣೆ ತಿಕ್ಕಿ, ಹಂಡೆ ನೀರು ಹೊಯ್ದು, ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟಿ, ಅಂಟಿನುಂಡೆ ಕೊಟ್ಟು, ‘ಕೂಸನ್ನು ನಾನು ನೋಡ್ಕೋತೀನಿ, ನೀನು ಮಲಗು’ ಅನ್ನುವುದು ಅಷ್ಟೂ ಆ ಒಂದು ಪದದಲ್ಲಿದೆ. ಇನ್ನೂ ಒಂದು ವಿಶೇಷ ಗಮನಿಸಿ. ನಿಮ್ಮ ಕಪ್ಪೆ, ಮೊಸಳೆ, ಕರಡಿ ಫಲಕಗಳಲ್ಲಿ ಆರೈಕೆ ಮೊಟ್ಟೆಗೆ, ಮರಿಗೆ. ಬಾಣಂತನದಲ್ಲಿ ಹೆತ್ತವಳಿಗೇ ಆರೈಕೆ, ಮಾಡುವವಳು ಹೆಚ್ಚಾಗಿ ಅವಳನ್ನು ಹೆತ್ತವಳು. ಮಕ್ಕಳಿಗೆ ಈ ವ್ಯತ್ಯಾಸ ಕಾಣುವ ಹಾಗೆ ಬರೆಯಿರಿ.

ನನ್ನ ಸಲಹೆ ಇಷ್ಟು: ‘ಕೇರ್’ ಇದ್ದ ಕಡೆಯೆಲ್ಲ ಒಂದೇ ನಾಮಪದ ತುರುಕಬೇಡಿ. ಪ್ರತಿ ಫಲಕಕ್ಕೂ ಅದರದೇ ಕ್ರಿಯಾಪದ ಕೊಡಿ. ಕೆಸರು ಮೆತ್ತುವ ಅಪ್ಪ. ಕಾವು ಕೂರುವ ಅಪ್ಪ. ಮಂಗಟ್ಟೆಗೆ ‘ಗುಟುಕು ಕೊಡುವುದು’: ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಉಳಿದ ಸೀಳಿನಲ್ಲಿ ಗಂಡು ಹಣ್ಣು ತಂದು ಕೊಡುತ್ತದೆ. ಕರಡಿಗೆ ‘ಬೆನ್ನ ಮೇಲೆ ಹೊತ್ತು ತಿರುಗುವುದು’. ಆನೆಗೆ ‘ದೊಡ್ಡಮ್ಮ ಚಿಕ್ಕಮ್ಮಂದಿರ ಹಿಂಡು’ ಅಂದರೆ ಸಾಕು, ಮರಿ ಕಿರುಚಿದರೆ ಹೆತ್ತ ತಾಯಿ ಒಬ್ಬಳೇ ಓಡಿಬರುವುದಿಲ್ಲ. ತಲೆಬರಹಕ್ಕೆ: ‘ಯಾರು ಯಾರನ್ನು ನೋಡಿಕೊಳ್ಳುತ್ತಾರೆ?’ ನೀವೇ ಮೊದಲ ಇಮೇಲಿನಲ್ಲಿ ಅದನ್ನು ಬರೆದಿದ್ದೀರಿ.

ಬೆಂಗಳೂರಿನಿಂದ:

ಪ್ರಶ್ನೆ ತಲೆಬರಹ ಆಗುವುದಿಲ್ಲ. ತಲೆಬರಹ ಅಂದರೆ ನಾಮಪದ.

ಧಾರವಾಡದಿಂದ:

ಯಾರು ಮಾಡಿದ ನಿಯಮ?

ಮೈಸೂರಿನಿಂದ:

ಆರೈಕೆ ಒಪ್ಪಿದೆ. ನಿಗಾ ಒಪ್ಪಲಾರೆ. ‘ಕೆಲಸ ಮಾಡುತ್ತಿದೆ, ಬಿಡಿ’ ಅನ್ನುತ್ತಾ ಹೋದರೆ ನಾಳೆ ಮಕ್ಕಳು ‘ಅಜ್ಜಿಗೆ ಕೇರ್ ಮಾಡು’ ಅನ್ನುತ್ತಾರೆ. ಆಗಲೂ ಬಿಡಿ ಅನ್ನುತ್ತೀರಾ? ಭಾಷೆಗೂ ಒಂದು ಕಾವಲು ಬೇಕು.

ನ್ಯೂಜೆರ್ಸಿಯಿಂದ:

‘ಕೇರ್ ಮಾಡು’ ಕನ್ನಡಕ್ಕೆ ಬಂದು ಎಷ್ಟೋ ಕಾಲವಾಯಿತು. ಆದರೆ ಅದರ ಅರ್ಥ ಬೇರೆ. ‘ಅವನು ಯಾರಿಗೂ ಕೇರ್ ಮಾಡಲ್ಲ’ ಅಂದರೆ ಯಾರನ್ನೂ ಲೆಕ್ಕಕ್ಕೆ ಇಡುವುದಿಲ್ಲ, ಯಾರಿಗೂ ಹೆದರುವುದಿಲ್ಲ ಅಂತ. ಆರೈಕೆಯ ಜಾಗವನ್ನು ಅದು ಮುಟ್ಟಿಯೇ ಇಲ್ಲ. ಜನ ತಮಗೆ ಇಲ್ಲದ ಅರ್ಥಕ್ಕೆ ಮಾತ್ರ ಪದ ತಂದುಕೊಂಡರು. ಇಷ್ಟಕ್ಕೆಲ್ಲ ಕಾವಲು ಯಾಕೆ? ಆಯಾ ಪೋರ್ಚುಗೀಸಿನಿಂದ ಬಂದಳು, ದವಾಖಾನೆ ಪಾರಸಿಯಿಂದ ಬಂತು. ಅವು ಬಂದ ಮೇಲೂ ಬಾಣಂತನ ಬಾಣಂತನವಾಗಿಯೇ ಉಳಿಯಿತು.

ಹೊಸದಾಗಿ ಕಟ್ಟಬೇಕಾದಾಗ ಚೆನ್ನಾಗಿಯೂ ಕಟ್ಟುತ್ತೇವೆ. ನಾನು ಇಲ್ಲಿ ಮಗುವನ್ನು ಬಿಟ್ಟು ಹೋಗುವ ಜಾಗಕ್ಕೆ ‘ಡೇ ಕೇರ್’ ಅನ್ನುತ್ತೇನೆ, ಬೇರೆ ಪದ ಬಾಯಿಗೆ ಬರುವುದಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ತೆರೆದ ಜಾಗಕ್ಕೆ ‘ಕೂಸಿನ ಮನೆ’ ಅಂತ ಹೆಸರಿಟ್ಟರು. ಆ ಹೆಸರು ಓದಿದ ದಿನ ನನಗೆ ಊರು ಜೋರಾಗಿ ನೆನಪಾಯಿತು. ‘ಶಿಶುಪಾಲನಾ ಕೇಂದ್ರ’ ಅಂತ ಬರೆಯಬಹುದಿತ್ತು, ಬರೆಯಲಿಲ್ಲ.

ಉಡುಪಿಯಿಂದ:

‘ಶಿಶುಪಾಲನಾ ಕೇಂದ್ರ’ದಲ್ಲೂ ತಪ್ಪೇನಿಲ್ಲ.

ಶಿರಸಿಯಿಂದ:

ಎಲ್ಲರಿಗೂ ಧನ್ಯವಾದ. ತಲೆಬರಹಕ್ಕೆ ಪ್ರಶ್ನೆಯನ್ನೇ ಇಟ್ಟಿದ್ದೇವೆ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಆರೈಕೆಯ ಹಲವು ಬಗೆ’. ಒಳಗೆ ಪ್ರತಿ ಫಲಕಕ್ಕೂ ಅದರದೇ ಕ್ರಿಯಾಪದ. ಬಾಣಂತನ ಹಾಗೆಯೇ ಇದೆ. ಅಜ್ಜಿಯ ಫಲಕಕ್ಕೆ ‘ಮಗ್ಗುಲು ಬದಲಿಸುವ ಕೈ’ ಅಂತ ಬರೆದೆವು.

ಇನ್ನೊಂದೇ ಕೇಳುತ್ತೇನೆ. ಇಲ್ಲಿಯ ಚರ್ಚೆ ಓದಿ ಮಕ್ಕಳು ಕೋಗಿಲೆಯ ಫಲಕವೂ ಬೇಕು ಅಂದರು. ಕೋಗಿಲೆ ಮರಿ ಕಾಗೆ ಮರಿಗಿಂತ ಮೊದಲೇ ಮೊಟ್ಟೆ ಒಡೆದು ಬರುತ್ತದೆ, ಕಾಗೆ ತನ್ನದೇ ಅಂತ ಗುಟುಕು ಕೊಡುತ್ತದೆ. ಇಲ್ಲಿ ಕಾಗೆಗೆ ‘ಸಾಕುತಾಯಿ’ ಅನ್ನಬಹುದಾ?

ಧಾರವಾಡದಿಂದ:

ಬೇಡ. ಸಾಕುತಾಯಿಗೆ ತಾನು ಹೆತ್ತದ್ದಲ್ಲ ಅಂತ ಗೊತ್ತಿರುತ್ತದೆ. ಗೊತ್ತಿದ್ದೂ ಸಾಕುವುದರಲ್ಲಿ ಆ ಪದದ ತೂಕ ಇದೆ. ಕಾಗೆಯ ವಿಷಯದಲ್ಲಿ ಹಾಗೆ ಹೇಳಲಾಗದು. ‘ಕಾಗೆ ಸಾಕಿದ ಕೋಗಿಲೆ’ ಅಂತ ಬರೆಯಿರಿ.

ಉಡುಪಿಯಿಂದ:

ಅದನ್ನೇ ಒಂದು ಪದದಲ್ಲಿ ಪರಪುಷ್ಟ ಅಂದಿದ್ದೆ. ಇರಲಿ, ಕಾಗೆ ಸಾಕಿದ ಕೋಗಿಲೆ ಚೆನ್ನಾಗಿದೆ.