ಸುಡಾನಿನ ನಿರಾಶ್ರಿತರಿಗೆ ಬಟ್ಟೆ, ಅಕ್ಕಿ, ಹಾಲಿನ ಪುಡಿ ಕಳಿಸುವುದು ಹೇಗೆ?

ಬದಿಯಡ್ಕದವ:
ಇಲ್ಲಿಯ ಎರಡು ಕ್ಲಬ್ಬುಗಳು ಸೇರಿ, ಸುಡಾನಿನಲ್ಲಿ ಯುದ್ಧದಿಂದ ಮನೆ ಬಿಟ್ಟವರಿಗೆ ಅಂತ ಸಂಗ್ರಹ ಮಾಡಿದ್ದೇವೆ. ಹಳೆ ಬಟ್ಟೆ 14 ಗೋಣಿ, ಕುಚ್ಚಲಕ್ಕಿ 3 ಕ್ವಿಂಟಾಲ್, ಎಳೆ ಮಕ್ಕಳ ಹಾಲಿನ ಪುಡಿ 40 ಡಬ್ಬಿ, ಎರಡು ಪೆಟ್ಟಿಗೆ ಮದ್ದು (ಕೆಲವು ಅರ್ಧ ಸ್ಟ್ರಿಪ್ ಕೂಡ ಉಂಟು), ನಗದು 86,000 ರೂಪಾಯಿ. ದುಬೈಯಲ್ಲಿರುವ ಊರಿನವರು ಅಲ್ಲೇ ಹಣ ಒಟ್ಟು ಮಾಡಿ ಕ್ಲಬ್ಬಿನ ಖಾತೆಗೆ ಹಾಕ್ತೇವೆ ಅಂತಿದ್ದಾರೆ. ಮಂಗಳೂರಿನಿಂದ ಹಡಗಿನಲ್ಲಿ ಸಾಮಾನು ಕಳಿಸ್ಲಿಕ್ಕೆ ಆಗ್ತದಾ? ಕ್ಲಬ್ಬಿಗೆ ಸೊಸೈಟಿ ನೋಂದಣಿ ಮಾತ್ರ ಇರುವುದು.

ಉಪ್ಪಳ ಸಾಗಾಟ:
ಸಾಮಾನು ಕಳಿಸ್ಬೇಡಿ ಮಾರಾಯ್ರೆ. ದಾರಿ ನೋಡಿದರೆ ಯಾಕೆ ಅಂತ ಗೊತ್ತಾಗ್ತದೆ.

ಹಡಗು ಮುಟ್ಟುವುದು ಪೋರ್ಟ್ ಸುಡಾನಿಗೆ. ಅದು ಸೈನ್ಯದ ಸರಕಾರದ ಕೈಯಲ್ಲಿ ಉಂಟು. ಅಲ್ಲಿ ಸರಕನ್ನು ಬಿಡಿಸಿಕೊಳ್ಳಲು ನೋಂದಾಯಿತ ಸಂಸ್ಥೆಯೊಂದರ ಹೆಸರು ಬೇಕು, ಅವರ ಮಾನವೀಯ ನೆರವು ಆಯೋಗದ ಒಪ್ಪಿಗೆಯೂ ಬೇಕು. ಎರಡೂ ಇಲ್ಲದಿದ್ದರೆ ಪೆಟ್ಟಿಗೆ ಬಂದರಿನಲ್ಲಿ ಕೂತು ದಿನಬಾಡಿಗೆ ಏರುತ್ತಾ ಹೋಗ್ತದೆ. ಕಷ್ಟ ಹೆಚ್ಚಿರುವ ದಾರ್ಫುರ್ (ಸುಡಾನಿನ ಪಶ್ಚಿಮ ಭಾಗ) ಅಲ್ಲಿಂದ 1,500 ಕಿಲೋಮೀಟರಿಗಿಂತಲೂ ದೂರ, ನಡುವೆ ಯುದ್ಧದ ಗೆರೆ. 2025ರ ಏಪ್ರಿಲಿನಲ್ಲಿ ದಾರ್ಫುರಿನ ಝಮ್‌ಝಮ್ ನಿರಾಶ್ರಿತರ ಶಿಬಿರ ಆರ್‌ಎಸ್‌ಎಫ್ (ಸೈನ್ಯದ ಎದುರು ಯುದ್ಧ ಮಾಡುವ ಪಡೆ) ಕೈಗೆ ಹೋಯಿತು, ಅಕ್ಟೋಬರಿನಲ್ಲಿ ಎಲ್ ಫಾಶೆರ್ ನಗರವೂ ಹೋಯಿತು. ಓಡಿದವರಲ್ಲಿ ಬಹಳ ಜನ ಪಶ್ಚಿಮದ ತವೀಲಾ ಸೇರಿದರು. ಆ ಊರು ಮೂರನೆಯದೇ ಒಂದು ಗುಂಪಿನ ಹಿಡಿತದಲ್ಲಿ.

ಹಾಗಾಗಿ ದಾರ್ಫುರಿಗೆ ಹೋಗುವ ನೆರವಿನಲ್ಲಿ ದೊಡ್ಡ ಪಾಲು ಚಾಡ್ ದೇಶದ ಕಡೆಯಿಂದ, ಅದ್ರೇ ಗಡಿ ದಾಟಿ ಬರ್ತದೆ. ಚಾಡಿಗೆ ಸಮುದ್ರ ಇಲ್ಲ. ಹಡಗಿನ ಸರಕು ಕ್ಯಾಮರೂನಿನ ದುವಾಲಾದಲ್ಲಿ ಇಳಿದರೆ ಮತ್ತೆ ಲಾರಿಯಲ್ಲಿ 2,000 ಕಿಲೋಮೀಟರಿಗೂ ಮಿಕ್ಕಿ. ಜೂನ್‌ನಿಂದ ಅಕ್ಟೋಬರ್ ತನಕ ಮಳೆ. ಬೇಸಗೆಯಲ್ಲಿ ಒಣಗಿ ಮರಳಾಗಿರುವ ಹೊಳೆಗಳನ್ನು ವಾದಿ ಅಂತಾರೆ, ಮಳೆ ಬಂದರೆ ಅವು ತುಂಬಿ ರಸ್ತೆ ಕಡಿದು ಹೋಗ್ತದೆ. 2024ರ ಆಗಸ್ಟಿನಲ್ಲಿ ದಾರ್ಫುರಿನ ಮೋರ್ನೈ ಊರಿನ ಸೇತುವೆಯೇ ಕುಸಿದಿತ್ತು. ಇಷ್ಟೆಲ್ಲ ದಾಟಿ ಹೋಗುವ ಲಾರಿಯಲ್ಲಿ ಒಂದು ಗೋಣಿ ಹಳೆ ಬಟ್ಟೆ ಇಟ್ಟರೆ ಒಂದು ಗೋಣಿ ಧಾನ್ಯ ಹೊರಗೆ ಉಳಿದ ಹಾಗೆ.

2004ರ ಸುನಾಮಿಯ ನಂತರ ನಾಗಪಟ್ಟಣದ ರಸ್ತೆಬದಿಯಲ್ಲಿ ಹಳೆ ಬಟ್ಟೆ ರಾಶಿ ಬಿದ್ದದ್ದು ಪೇಪರಿನಲ್ಲೆಲ್ಲ ಬಂದಿತ್ತು. ಅಲ್ಲಿಗೆ ಒಳ್ಳೆ ರಸ್ತೆ ಇತ್ತು, ಯುದ್ಧವೂ ಇರಲಿಲ್ಲ.

ಕುಂಬಳೆ ನರ್ಸ್:
ಸಾಗಾಟದ ಮಾತು ಬಿಡಿ, ಆ ಸಾಮಾನು ಅಲ್ಲಿ ಮುಟ್ಟಿದರೂ ತೊಂದರೆಯೇ.

ಮೊದಲು ಹಾಲಿನ ಪುಡಿ. ಮೊದಲ ಆರು ತಿಂಗಳಿಗೆ ಒಂದು ಮಗುವಿಗೆ ಸುಮಾರು 20 ಕೆಜಿ ಪುಡಿ ಬೇಕು. ನಿಮ್ಮದು 400 ಗ್ರಾಮಿನ ಡಬ್ಬಿಯಾದರೆ ನಲವತ್ತೂ ಸೇರಿ 16 ಕೆಜಿ, ಒಂದು ಮಗುವಿಗೂ ಸಾಲದು. ಅದನ್ನೇ ನಲವತ್ತು ತಾಯಂದಿರಿಗೆ ಒಂದೊಂದು ಹಂಚಿದರೆ ಇನ್ನೂ ಕೆಟ್ಟದು. ಮಗು ಎದೆಹಾಲು ಕುಡಿಯುವುದು ಕಡಿಮೆಯಾದ ಹಾಗೆ ಹಾಲು ಬತ್ತುತ್ತದೆ, ಅಷ್ಟರಲ್ಲಿ ಡಬ್ಬಿ ಖಾಲಿ. ಪುಡಿ ಕಲಸಲು ಕುದಿಸಿದ ನೀರು, ಸೌದೆ, ತೊಳೆದ ಪಾತ್ರೆ ಬೇಕು. ಕಾಲರಾ ಇರುವ ಶಿಬಿರದಲ್ಲಿ ಈ ಮೂರೂ ಸಿಗುವುದಿಲ್ಲ. ತಾಯಿ ಇಲ್ಲದ ಮಗುವಿಗೆ ಪುಡಿ ಕೊಡಬೇಕಾದಲ್ಲಿ ಆರೋಗ್ಯ ಕಾರ್ಯಕರ್ತೆ ಮಗುವನ್ನು ನೋಡಿ, ಅಗತ್ಯ ಮುಗಿಯುವ ತನಕ ಪೂರೈಸುವ ಏರ್ಪಾಡು ಮಾಡಿ, ಲೋಟದಲ್ಲಿ ಕುಡಿಸಲು ಕಲಿಸ್ತಾರೆ. ಬಾಟಲಿ ಕೊಡುವುದೇ ಇಲ್ಲ. ನಮ್ಮ ದೇಶದಲ್ಲೂ 1992ರ ಕಾಯ್ದೆ ಪ್ರಕಾರ ಎಳೆ ಮಕ್ಕಳ ಹಾಲಿನ ಪುಡಿಯನ್ನು ಅನಾಥಾಲಯಕ್ಕೆ ಬಿಟ್ಟು ಬೇರೆ ಯಾರಿಗೂ ದಾನ ಮಾಡುವ ಹಾಗಿಲ್ಲ. ಕ್ಲಬ್ಬಿನವರಿಗೆ ಇದು ಗೊತ್ತಿರಲಿ.

ಮದ್ದು: ಅಲ್ಲಿ ಮುಟ್ಟುವಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು, ಯಾರಿಗೋ ಬರೆದುಕೊಟ್ಟು ಉಳಿದ ಮಾತ್ರೆ ಬರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಉಂಟು. ಅರ್ಧ ಸ್ಟ್ರಿಪ್ಪಿನಲ್ಲಿ ಕೆಲವೊಮ್ಮೆ ಮದ್ದಿನ ಹೆಸರು, ತಾರೀಖು ಇರುವ ತುದಿಯೇ ಹರಿದು ಹೋಗಿರ್ತದೆ. ಅದನ್ನು ವಿಂಗಡಿಸ್ಲಿಕ್ಕೆ ಅಲ್ಲಿ ಒಬ್ಬ ಫಾರ್ಮಸಿಸ್ಟ್ ರೋಗಿಗಳನ್ನು ಬಿಟ್ಟು ಕೂರಬೇಕು.

ಕುಚ್ಚಲಕ್ಕಿ ನಮಗೆ ಪ್ರಾಣ, ಸರಿ. ದಾರ್ಫುರಿನವರ ಊಟ ಜೋಳ ಅಥವಾ ಸಜ್ಜೆ ಹಿಟ್ಟಿನ ಅಸೀದಾ, ಘಟ್ಟದ ಮೇಲಿನವರ ಮುದ್ದೆಯ ಹಾಗೆ. ಹಿಟ್ಟಾದರೆ ಬೇಗ ಬೇಯ್ತದೆ. ಕುಚ್ಚಲಕ್ಕಿ ಬೇಯಲು ಎಷ್ಟು ಸೌದೆ ಬೇಕು ಅಂತ ನಿಮಗೆ ಹೇಳ್ಬೇಕಾ? ಅಲ್ಲಿ ಸೌದೆಗೆ ಶಿಬಿರದ ಹೊರಗೆ ಹೋದ ಹೆಂಗಸರ ಮೇಲೆಯೇ ಹಲ್ಲೆ ಆಗುವುದು. ಆರ್‌ಎಸ್‌ಎಫ್ ಮುತ್ತಿಗೆ ಹಾಕಿದ್ದ ಸಮಯದಲ್ಲಿ ಎಲ್ ಫಾಶೆರಿನ ಜನ ಅಂಬಾಜ್ ತಿಂದರು. ಅಂಬಾಜ್ ಅಂದರೆ ನೆಲಗಡಲೆ ಹಿಂಡಿ, ನಾವು ದನಕ್ಕೆ ಹಾಕುವಂಥದ್ದು.

ಮಂಜೇಶ್ವರ ಲೆಕ್ಕ:
ಹಣದ ವಿಷಯ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ) ಯೋಜನೆಯಲ್ಲಿ ವಿದೇಶಕ್ಕೆ ದೇಣಿಗೆ ಕಳಿಸಬಹುದು, ಆದರೆ ಕಳಿಸುವವರು ವ್ಯಕ್ತಿಗಳೇ ಆಗಿರಬೇಕು. ಸೊಸೈಟಿ, ಟ್ರಸ್ಟ್ ಕಳಿಸ್ಲಿಕ್ಕೆ ಆಗುವುದಿಲ್ಲ. ಕಾರ್ಯದರ್ಶಿ ತನ್ನ ಖಾತೆಗೆ 86,000 ಹಾಕಿಸಿಕೊಂಡು ಕಳಿಸುವುದೂ ಸರಿಯಲ್ಲ, ಅದಕ್ಕೆ ಬ್ಯಾಂಕಿಗೆ ಕೊಡುವ ಎ2 ಫಾರ್ಮಿನಲ್ಲಿ ಸ್ವಂತ ಹಣ ಅಂತ ಸಹಿ ಹಾಕಬೇಕಾಗ್ತದೆ. ಸುಡಾನಿನ ಖಾತೆಗೆ ನೇರ ಕಳಿಸುವ ಯೋಚನೆ ಬಿಡಿ, ನಡುವಿನ ಬ್ಯಾಂಕಿನಲ್ಲಿ ತಡೆ ಬೀಳುವುದೇ ಹೆಚ್ಚು.

ಸುಲಭದ ದಾರಿ: ಹಣವನ್ನು ಕೊಟ್ಟವರಿಗೇ ತಿರುಗಿ ಕೊಡಿ, ಅವರವರೇ ನೇರ ದೇಣಿಗೆ ಕೊಡಲಿ. ಯುಎನ್‌ಎಚ್‌ಸಿಆರ್ (ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ), ಯುನಿಸೆಫ್ ಭಾರತದಲ್ಲಿಯೇ ದೇಣಿಗೆ ತೆಗೆದುಕೊಳ್ತಾರೆ. ಯಾವ ಸಂಸ್ಥೆಯಾದರೂ ಪುಟದ ಕೆಳಗಿನ ಸಣ್ಣ ಅಕ್ಷರ ಓದಿ. ಭಾರತದೊಳಗಿನ ಕೆಲಸಕ್ಕೆ ಮಾತ್ರ ಖರ್ಚು ಅಂತಲೂ ಇರಬಹುದು. ಸುಡಾನಿಗೆ ಅಂತ ಮೀಸಲಿಡುವ ಆಯ್ಕೆ ಇದ್ದರೆ ಅದನ್ನೇ ಒತ್ತಿ. 80ಜಿ ತೆರಿಗೆ ರಿಯಾಯಿತಿ ಬೇಕಿದ್ದವರು ಮೊದಲೇ ಕೇಳಿಕೊಳ್ಳಲಿ.

ದುಬೈಯವರಿಗೆ ಇವತ್ತೇ ಫೋನ್ ಮಾಡಿ ನಿಲ್ಲಿಸಿ. ಯುಎಇಯಲ್ಲಿ ಪರವಾನಿಗೆ ಇಲ್ಲದೆ ದೇಣಿಗೆ ಎತ್ತುವುದು ಅಪರಾಧ, ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೂ ಅಷ್ಟೇ. ಇಲ್ಲಿಯ ಕಾನೂನು ಬೇರೆ ಉಂಟು: ಭಾರತದ ಪೌರ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ಹತ್ತು ಜನರದ್ದು ಒಟ್ಟು ಮಾಡಿ ಒಬ್ಬ ಹಾಕಿದರೆ, ಅದರಲ್ಲಿ ಬೇರೆ ದೇಶದ ಪೌರನೊಬ್ಬನ ಪಾಲೂ ಸೇರಿದರೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ಕ್ಲಬ್ಬಿಗೆ ಕೇಸು. ಅವರು ಅಲ್ಲಿಯ ಪರವಾನಿಗೆ ಇರುವ ಸಂಸ್ಥೆಗೇ ಕೊಡಲಿ.

ಬದಿಯಡ್ಕದವ:
ಎಲ್ಲರಿಗೂ ಥ್ಯಾಂಕ್ಸ್. ದುಬೈಯದ್ದು ನಿಲ್ಲಿಸಿದ್ದೇವೆ. ಇನ್ನೆರಡು ಪ್ರಶ್ನೆ: ಹಣ ಹೋದರೆ ಅಲ್ಲಿ ನಿಜಕ್ಕೂ ಎಂತ ಆಗ್ತದೆ ಅಂತ ಸಭೆಯಲ್ಲಿ ಕೇಳ್ತಾರೆ, ಎಂತ ಹೇಳುವುದು? ಇಲ್ಲಿಯ ಸಾಮಾನು ಎಂತ ಮಾಡುವುದು?

ಕುಂಬಳೆ ನರ್ಸ್:
ಕಾಲರಾದ ಲೆಕ್ಕ ಹೇಳಿ, ಅರ್ಥ ಆಗ್ತದೆ. ಜೋರಾಗಿ ಹಿಡಿದ 50 ಕೆಜಿ ತೂಕದವರಿಗೆ ಮೊದಲ ಮೂರು ಗಂಟೆಯಲ್ಲೇ 5 ಲೀಟರ್ ಡ್ರಿಪ್ ಏರಿಸಬೇಕು. ಕಡಿಮೆ ಇದ್ದವರಿಗೆ ಓಆರ್‌ಎಸ್ ಸಾಕು. ಅದಕ್ಕಿಂತ ಅಗ್ಗದ ಕೆಲಸ ನೀರಿನದ್ದು: ತಲೆಗೆ ದಿನಕ್ಕೆ 15 ಲೀಟರ್, 250 ಜನಕ್ಕೆ ಒಂದು ನಳ್ಳಿ. ಕ್ಲೋರಿನ್ ನಳ್ಳಿಯಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು, ಕಾಲರಾ ಹಬ್ಬಿದಾಗ 1ರ ಹತ್ತಿರ. ನಳ್ಳಿಯಲ್ಲಿ ಸರಿ ಇದ್ದರೂ ಡೇರೆಯ ಸೆಕೆಗೆ, ಕೊಳೆ ಕ್ಯಾನಿಗೆ ಅದು ಇಳಿದುಬಿಡ್ತದೆ. ಹಾಗಾಗಿ ಮನೆಯ ಕ್ಯಾನಿನಲ್ಲೂ ಅಳೆದು 0.2 ಉಳಿದಿದೆಯಾ ನೋಡ್ತಾರೆ. ವಾದಿಯ ಕೆಸರು ನೀರಾದರೆ ಮೊದಲು ಪಟಿಕ ಹಾಕಿ ಕೆಸರು ಕೂರಿಸಬೇಕು, ಇಲ್ಲದಿದ್ದರೆ ಕ್ಲೋರಿನ್ ಎಲ್ಲ ಕೆಸರಿಗೇ ಖರ್ಚು. ಊಟದ ಕಡೆ, ಸ್ಥಳೀಯ ಯುವಕರ ತುರ್ತು ಸಮಿತಿಗಳು ಸಾಮೂಹಿಕ ಅಡುಗೆಮನೆ ನಡೆಸ್ತಾವೆ. ಅವರು ಧಾನ್ಯ ತೆಗೆಯುವುದು ಅಲ್ಲಿಯ ಸಂತೆಯಲ್ಲೇ. ಹಿಟ್ಟು ಮಾಡಿಸುವ ಕೂಲಿಗೂ ಹಣ ಬೇಕು, ಅದಿಲ್ಲದಿದ್ದರೆ ಸಿಕ್ಕಿದ ಕಾಳಿನಲ್ಲೇ ಒಂದು ಪಾಲು ಗಿರಣಿಗೆ ಹೋಗ್ತದೆ.

ಉಪ್ಪಳ ಸಾಗಾಟ:
ಸಾಮಾನಿಗೆ: ಅಕ್ಕಿ ಕೊಟ್ಟವರನ್ನು ಕೇಳಿ ಏಲಂ ಹಾಕಿ, ತೆಗೆದುಕೊಂಡವರು ಕ್ಲಬ್ಬಿಗೆ ಕೊಡದೆ ನೇರ ದೇಣಿಗೆ ಕಟ್ಟಿ ರಶೀದಿ ತೋರಿಸಲಿ. ಬಿಲ್ ಇರುವ, ಒಡೆಯದ ಹಾಲಿನ ಡಬ್ಬಿ ಅಂಗಡಿಗೆ ವಾಪಸ್, ಉಳಿದದ್ದು ಅನಾಥಾಲಯದವರು ಬೇಕು ಅಂದರೆ ಅಲ್ಲಿಗೆ. ಮದ್ದನ್ನು ಕಸಕ್ಕೆ, ಬಾವಿ ಹತ್ತಿರ ಎಸೆಯಬೇಡಿ, ಆಸ್ಪತ್ರೆಯ ಫಾರ್ಮಸಿಯಲ್ಲಿ ವಿಚಾರಿಸಿ. ಬಟ್ಟೆಯಲ್ಲಿ ಒಳ್ಳೆ ಬೆಡ್‌ಶೀಟ್, ಮುಂಡು ಹಾಸಿಗೆ ಹಿಡಿದ ರೋಗಿಗಳನ್ನು ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್ ಘಟಕಕ್ಕೆ ಬೇಕಾಗಬಹುದು. ಮಿಕ್ಕಿದ್ದಕ್ಕೆ ಮನೆಮನೆಯ ಕಸ ಒಟ್ಟು ಮಾಡುವ ಹರಿತಕರ್ಮ ಸೇನೆಯವರನ್ನು ಕೇಳಿ. ಅವರು ಬಟ್ಟೆ ತೆಗೆದುಕೊಳ್ಳುವ ತಿಂಗಳು ಬೇರೆಯೇ ಇರ್ತದೆ, ಅಲ್ಲಿ ತನಕ ಗೋಣಿ ಒದ್ದೆಯಾಗದ ಹಾಗೆ ನೋಡಿಕೊಳ್ಳಿ.