ಮೆಕ್ಕೆಜೋಳದ ಬೇರು ತಿನ್ನುವ ಹುಳ: ತಳಿ ಬದಲಿಸಿದರೆ ಸಾಕಾ?

ಜಗಳೂರಿನ ರೈತ: ನಮ್ಮದು ಎರಡು ಎಕರೆ ಕೆಂಪು ನೆಲ. ಮೆಕ್ಕೆಜೋಳ ಬಿತ್ತಿ 40 ದಿನ ಆಯಿತು. ಅಲ್ಲಲ್ಲಿ ಗುಂಪುಗುಂಪಾಗಿ ಬಾಡುತ್ತಿದೆ. ಮಳೆಗೆ ಕೊರತೆ ಇಲ್ಲ. ಬೀಜದ ಅಂಗಡಿಯವರು, 'ಮುಂದಿನ ಸಲ ಬೇರುಹುಳ ತಡೆಯುವ ತಳಿ ಹಾಕಿ, ಅಮೆರಿಕದಲ್ಲಿ ಅದನ್ನೇ ಬೆಳೀತಾರೆ' ಅಂದರು. ರೇಟು ಜಾಸ್ತಿ. ತಗೊಳ್ಳಬಹುದಾ?

ಹೊಳಲ್ಕೆರೆಯವ: ಅಣ್ಣ, ದುಡ್ಡು ಕೊಡುವ ಮೊದಲು ಬಾಡಿದ ಗಿಡ ಒಂದನ್ನು ಕಿತ್ತು ನೋಡಿ. ಬುಡವನ್ನು ಒಂದು ಗೇಣು ಅಗೆಯಿರಿ. ಕಾಂಡಕ್ಕೆ ಮಣ್ಣು ಮೆತ್ತಿದ್ದರೆ ಗೆದ್ದಲು, ಅದರ ಕಥೆ ಬೇರೆ.

ಜಗಳೂರಿನ ರೈತ: ಮೂಲಂಗಿ ಕಿತ್ತ ಹಾಗೆ ಬಂತು! ಸಣ್ಣ ಬೇರು ಒಂದೂ ಇಲ್ಲ, ಮೊಂಡು ಮಾತ್ರ. ಗುದ್ದಲಿ ಹಾಕಿದರೆ ಒಂದೇ ಬುಡದಲ್ಲಿ ಮೂರು ಹುಳ. ಬೆಳ್ಳಗೆ, ದಪ್ಪಗೆ, ಕಂದು ತಲೆ. ಅಂಗೈ ಮೇಲಿಟ್ಟರೆ ಮುದುಡಿ ಮಲಗುತ್ತದೆ.

ಹೊಳಲ್ಕೆರೆಯವ: ಗೊಣ್ಣೆ ಹುಳ, ಅನುಮಾನವೇ ಬೇಡ. ಅಂಗಡಿಯವರು ಹೇಳಿದ ತಳಿ ಇದಕ್ಕಲ್ಲ. ಅಮೆರಿಕದ ಬೇರುಹುಳ ಡಯಾಬ್ರೊಟಿಕಾ ಅಂತ, ಅದು ನಮ್ಮಲ್ಲಿಲ್ಲ. ಅದಕ್ಕೆಂದೇ 2003ರಲ್ಲಿ ಅಲ್ಲಿ ಬಿಟಿ ಮೆಕ್ಕೆಜೋಳ ಬಂತು, ಅಂದರೆ ಹುಳ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಕುಲಾಂತರಿ ತಳಿ. 2011ರ ಹೊತ್ತಿಗೆ ಅಲ್ಲಿನ ಅಯೋವಾ ರಾಜ್ಯದ ಕೆಲವು ಹೊಲಗಳಲ್ಲಿ ಹುಳ ಆ ವಿಷಕ್ಕೂ ಜಗ್ಗದಂತಾಗಿತ್ತು. ನಮ್ಮ ದೇಶದಲ್ಲಿ ಬಿಟಿ ಮೆಕ್ಕೆಜೋಳ ಬೆಳೆಯಲು ಅನುಮತಿಯೂ ಇಲ್ಲ. ಬೇರು ಜಾಸ್ತಿ ಬಿಡುವ, ಬೇಗ ಹೊಸ ಬೇರು ಹೊಡೆಯುವ ತಳಿ ಸ್ವಲ್ಪ ತಡೆದುಕೊಳ್ಳುತ್ತದೆ, ಅಷ್ಟೇ. ಮೂರು ಹುಳ ಕೂತ ಬುಡದಲ್ಲಿ ಯಾವ ತಳಿಯೂ ನಿಲ್ಲಲ್ಲ.

ಈಗ ಬಾಡಿದ ಗಿಡ ಕಿತ್ತು, ಹುಳ ಆರಿಸಿ ಸಾಯಿಸಿ. ಇಷ್ಟು ಬಲಿತ ಹುಳಕ್ಕೆ ಔಷಧಿ ಸುರಿದರೆ ದುಡ್ಡು ದಂಡ. ಕೊಯ್ಲಾದ ಮೇಲೆ ಆಳವಾಗಿ ಉಳುಮೆ ಮಾಡಿ, ಕಾಗೆ ಕೊಕ್ಕರೆ ನೋಡಿಕೊಳ್ಳುತ್ತವೆ. ಹಸಿ ತಿಪ್ಪೆಗೊಬ್ಬರ ಹಾಕಬೇಡಿ. ಚೆನ್ನಾಗಿ ಕಳಿತ ಗೊಬ್ಬರಕ್ಕೆ ಮೆಟಾರೈಜಿಯಂ (ಹುಳಕ್ಕೆ ರೋಗ ತರುವ ಶಿಲೀಂಧ್ರ) ಬೆರೆಸಿ, ನೆಲ ಹಸಿಯಿದ್ದಾಗ ಹಾಕಿ.

ನಿಜವಾದ ಕೆಲಸ ಇರುವುದು ಮುಂಗಾರಿಗೂ ಮುಂಚೆ. ಮೊದಲ ಜೋರು ಮಳೆ ಬಿದ್ದ ಸಂಜೆ ಕತ್ತಲಾಗುತ್ತಿದ್ದಂತೆ ಈ ಹುಳಕ್ಕೆ ಜನ್ಮ ಕೊಡುವ ದುಂಬಿಗಳು ನೆಲದಿಂದೆದ್ದು ಬೇವು, ಜಾಲಿ ಮರಕ್ಕೆ ಎಲೆ ತಿನ್ನಲು ಹೋಗುತ್ತವೆ. ಆಗ ಕೊಂಬೆ ಅಲ್ಲಾಡಿಸಿ, ಬಿದ್ದವನ್ನು ಸೀಮೆಎಣ್ಣೆ ನೀರಿನ ಬಕೆಟ್ಟಿಗೆ ಹಾಕಬೇಕು. ನಾವು ನಾಲ್ಕು ಮನೆಯವರು ಸೇರಿ ಮಾಡಿದೆವು. ಒಬ್ಬರೇ ಮಾಡಿದರೆ ಪಕ್ಕದ ಹೊಲದಿಂದ ಬರುತ್ತವೆ. ನಿಮ್ಮ ಬದುವಿನಲ್ಲಿ ಬೇವು ಇದೆಯಾ?

ಜಗಳೂರಿನ ರೈತ: ನಾಲ್ಕು ಮರ ಇವೆ. ಮೇ ತಿಂಗಳಲ್ಲಿ ಕೊಂಬೆಯೆಲ್ಲ ಬೋಳಾಗಿದ್ದವು. ಕುರಿಯವರು ಸೊಪ್ಪು ಕಡಿದರು ಅಂತ ಬೈದು ಕಳಿಸಿದ್ದೆ.